ಅವರೆಯ ಹುಳುವೋ, ಟೊಮೆಟೊ ಹುಳುವೋ? ತಾರಸಿಯ 14 ಗಿಡಗಳ ಒಂದು ಪ್ರಕರಣ

ನವೆಂಬರ್ ಕೊನೆಯ ಭಾನುವಾರ ಸಾರಿಗೆಂದು ನಾಲ್ಕು ಟೊಮೆಟೊ ಕೀಳಲು ತಾರಸಿಗೆ ಹೋದೆ. ಮೊದಲನೆಯದನ್ನು ಕಿತ್ತು ತಿರುಗಿಸಿದರೆ ತೊಟ್ಟಿನ ಪಕ್ಕ ಪೆನ್ಸಿಲ್ ತೂರಿಸಿದ ಹಾಗೆ ದುಂಡನೆಯ ತೂತು. ಎರಡನೆಯದರಲ್ಲೂ ತೂತು. ಮೂರನೆಯದರಲ್ಲಿ ತೂತಿನ ಜೊತೆ ಅದರ ಮಾಲೀಕರೂ ಇದ್ದರು. ತಲೆ ಹಣ್ಣಿನೊಳಗೆ, ಹಿಂಭಾಗ ಹೊರಗೆ. ಸುಮಾರು ಒಂದು ಇಂಚು ಉದ್ದ, ಹಸಿರು ಮೈ, ಪಕ್ಕದಲ್ಲಿ ಬಿಳಿ ಗೆರೆ. ಅವತ್ತು ಸಾರಿಗೆ ಅಂಗಡಿಯ ಟೊಮೆಟೊವೇ ಬಂತು.

ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಒಂದು ಹಳೆ ಮನೆ. ತಾರಸಿಯಲ್ಲಿ 14 ಗ್ರೋ ಬ್ಯಾಗ್ ಟೊಮೆಟೊ ಇದ್ದವು. 8 ಅರ್ಕಾ ರಕ್ಷಕ್, 6 ನಾಟಿ ಹುಳಿ ಟೊಮೆಟೊ. ಸಸಿ ನೆಟ್ಟಿದ್ದು ಸೆಪ್ಟೆಂಬರ್ ಎರಡನೇ ವಾರ. ಜೊತೆಗೆ ಒಂದು ಕರಿಬೇವು, ಒಂದು ನಿಂಬೆ, ಒಂದಿಷ್ಟು ಸೊಪ್ಪು. ಅರ್ಕಾ ರಕ್ಷಕ್ ಹೆಸರು ಕೇಳಿ ನಾನು ಧೈರ್ಯವಾಗಿದ್ದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅದು. ಎಲೆ ಮುದುಡುವ ನಂಜು ರೋಗ, ದುಂಡಾಣು ಸೊರಗು ರೋಗ, ಎಲೆಚುಕ್ಕೆಯಂಥ ಅಂಗಮಾರಿ, ಈ ಮೂರನ್ನೂ ತಡೆಯುತ್ತದೆ. ಹುಳುವಿಗೂ ಅದಕ್ಕೂ ಸಂಬಂಧವಿಲ್ಲ. ಹೆಸರಲ್ಲಿ ರಕ್ಷಕ್ ಇದ್ದರೆ ಎಲ್ಲದರಿಂದಲೂ ರಕ್ಷಣೆ ಅಂದುಕೊಂಡಿದ್ದು ನನ್ನ ತಪ್ಪು.

ಮೊದಲ ಎರಡು ವಾರ ನಾನು ಮಾಡಿದ್ದೆಲ್ಲ ಗಡಿಬಿಡಿಯ ಕೆಲಸ. ಅವನ್ನು ಮುಚ್ಚಿಡುವುದಿಲ್ಲ. ಏಕೆಂದರೆ ಇದೇ ತಪ್ಪುಗಳನ್ನು ಪರಿಚಯದ ಇನ್ನೂ ಮೂವರು ಮಾಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಬೇವಿನ ಎಣ್ಣೆ ಮನೆಯಲ್ಲಿತ್ತು. ಲೀಟರ್ ನೀರಿಗೆ 5 ಎಂ.ಎಲ್. ಸಾಕು. ಹುಳು ಕಂಡ ಸಿಟ್ಟಿಗೆ ನಾನು 20 ಹಾಕಿದೆ. ಸೋಪಿನ ನೀರು ಬೆರೆಸಲಿಲ್ಲ, ಹಾಗಾಗಿ ಎಣ್ಣೆ ಮೇಲೆ ತೇಲುತ್ತಲೇ ಇತ್ತು. ಹೊಡೆದದ್ದು ಬೆಳಿಗ್ಗೆ 11 ಗಂಟೆಗೆ, ಚುರುಗುಟ್ಟುವ ಬಿಸಿಲಲ್ಲಿ. ಮೂರನೇ ದಿನಕ್ಕೆ ಎಲೆಯ ಅಂಚು ಸುಟ್ಟು ಕಂದಾಯಿತು. ಹುಳು ಆರಾಮವಾಗಿತ್ತು. ಆಮೇಲೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯ. ಮಿಕ್ಸಿಯಲ್ಲಿ ರುಬ್ಬುವಾಗ ಮನೆಯವರೆಲ್ಲ ಕೆಮ್ಮಿದರು. ಹುಳು ಕೆಮ್ಮಿತೋ ಇಲ್ಲವೋ ಗೊತ್ತಿಲ್ಲ.

ಕೊನೆಗೆ ಗೊಬ್ಬರದಂಗಡಿಗೆ ಹೋದೆ. ಅವರು ಒಂದು ಬಾಟಲಿ ಕೊಟ್ಟರು. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕಾಯಿ ಕೀಳಬೇಕು ಅಂತ ಕೇಳಿದೆ. "ತೊಳೆದ್ರೆ ಆಯ್ತು ಮೇಡಂ" ಅಂದರು. ಬಾಟಲಿ ಅಲ್ಲೇ ಬಿಟ್ಟು ಬಂದೆ. ಹೊಲದವರಿಗೆ ರಾಸಾಯನಿಕ ಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ. ಆದರೆ ದಿನ ಬಿಟ್ಟು ದಿನ ನಾಲ್ಕು ಕಾಯಿ ಕೀಳುವ ಮನೆಯಲ್ಲಿ ಅಷ್ಟು ದಿನ ಕಾಯುವವರು ಯಾರು?

ಇಂಟರ್ನೆಟ್‌ನಲ್ಲಿ ಹುಡುಕಿದರೆ ಇನ್ನೊಂದು ಗೊಂದಲ. ಅಮೆರಿಕದವರ ವಿಡಿಯೋಗಳಲ್ಲಿ ಟೊಮೆಟೊ ಹುಳು ಅಂದರೆ ಬೆರಳು ಗಾತ್ರದ, ಬಾಲದ ಮೇಲೆ ಕೊಂಬಿರುವ ದೈತ್ಯ. ಒಂದೇ ರಾತ್ರಿಯಲ್ಲಿ ಕೊಂಬೆ ಬೋಳು ಮಾಡುತ್ತದೆ. ನಾನು ಅಂಥ ಕೊಂಬಿನ ಹುಳುವಿಗಾಗಿ ಎಲೆ ಎಲೆ ಹುಡುಕಿದೆ. ಸಿಗಲಿಲ್ಲ. ಅದು ಆ ಖಂಡದ ಹುಳು. ನಮ್ಮದು ಎಲೆಗಿಂತ ಕಾಯಿಯ ಮೇಲೆ ಕಣ್ಣಿಟ್ಟ ಹುಳು. ಹುಳು ಬೇರೆಯಾದರೆ ಉಪಾಯವೂ ಬೇರೆ ಅಲ್ವಾ?

ಅವರೆ ಮೊರದಲ್ಲಿ ಸಿಕ್ಕ ಸುಳಿವು

ಡಿಸೆಂಬರ್ ಮೊದಲ ವಾರ. ಸೊಗಡವರೆ ಬಂದಿತ್ತು. ಅತ್ತೆ ಬಿಸಿಲು ಕಾಯಿಸಿಕೊಳ್ಳುತ್ತಾ ತಾರಸಿಯಲ್ಲಿ ಮೊರ ಇಟ್ಟುಕೊಂಡು ಹಿತಕಿದ ಬೇಳೆಗೆ ಅವರೆ ಸುಲಿಯುತ್ತಿದ್ದರು. ಕಾಯಿ ಬಿಡಿಸಿದಾಗ ಹಸಿರು ಹುಳು ಕಂಡರೆ ಸಲೀಸಾಗಿ ಎತ್ತಿ ಪಕ್ಕದ ಬ್ಯಾಗಿಗೆ ಎಸೆಯುತ್ತಿದ್ದರು. ಆ ಬ್ಯಾಗಿನಲ್ಲಿದ್ದದ್ದು ನನ್ನ ಟೊಮೆಟೊ.

"ಅತ್ತೆ, ಹುಳು ಗಿಡಕ್ಕೆ ಯಾಕೆ ಎಸೀತೀರಾ?"

"ಅವರೆ ಹುಳ ಕಣಮ್ಮಾ. ಅದು ಅವರೆ ಬಿಟ್ಟು ಬೇರೆ ತಿನ್ನಲ್ಲ. ಮಣ್ಣಿಗೆ ಗೊಬ್ಬರ ಆಗುತ್ತೆ ಬಿಡು."

ಮೊರದಲ್ಲಿದ್ದ ಹುಳುವನ್ನು ನೋಡಿದೆ. ಟೊಮೆಟೊದಲ್ಲಿ ಸಿಕ್ಕಿದ್ದರ ತದ್ರೂಪು. ಕಳ್ಳ ಸಿಕ್ಕಿದ ಅಂತ ಖುಷಿಯಾಯಿತು. ಅತ್ತೆ ಒಪ್ಪಲಿಲ್ಲ. 40 ವರ್ಷದಿಂದ ಅವರೆ ಸುಲಿದವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇರಲಿಲ್ಲ.

ಸರಿ, ಪರೀಕ್ಷೆ ಮಾಡೋಣ ಅಂತ ಅವರೆಯಿಂದ ಬಂದ 6 ಹುಳುಗಳನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಟೊಮೆಟೊ ಎಲೆ, ಒಂದು ಎಳೆಗಾಯಿ ಇಟ್ಟೆ. ಮಾರನೇ ದಿನ ಎಣಿಸಿದರೆ 5. ಮುಚ್ಚಳ ಭದ್ರವಾಗಿತ್ತು. ಓದಿದ ಮೇಲೆ ತಿಳಿಯಿತು, ಇವುಗಳಲ್ಲಿ ಒಂದು ಜಾತಿ ತನ್ನವರನ್ನೇ ತಿನ್ನುತ್ತದೆ. ಒಂದು ಕಾಯಿಯಲ್ಲಿ ಸಾಮಾನ್ಯವಾಗಿ ಒಂದೇ ಹುಳು ಸಿಗುವುದಕ್ಕೂ ಇದೇ ಕಾರಣ. ಇನ್ನೂ ಒಂದನ್ನು ಸೇರಿಸಿ ಒಂದೊಂದಕ್ಕೂ ಬೇರೆ ಬೇರೆ ಡಬ್ಬಿ ಕೊಟ್ಟೆ. ಎರಡು ದಿನ ಬಿಟ್ಟು ನೋಡಿದಾಗ 4 ಹುಳು ಟೊಮೆಟೊ ಮುಟ್ಟಿರಲಿಲ್ಲ. ಡಬ್ಬಿಯ ಗೋಡೆ ಹತ್ತಿ ಇಳಿದು ಒಣಗುತ್ತಿದ್ದವು. ಉಳಿದ 2 ಮಾತ್ರ ಎಳೆಗಾಯಿಗೆ ತಲೆ ತೂರಿಸಿ ಹಬ್ಬ ಮಾಡುತ್ತಿದ್ದವು.

ಅಂದರೆ ಅತ್ತೆ ಹೇಳಿದ್ದೂ ನಿಜ, ನನ್ನ ಅನುಮಾನವೂ ನಿಜ. ಅವರೆಕಾಯಿಯಲ್ಲಿ ಎರಡು ಥರದ ಹುಳು ಇರುತ್ತವೆ. ಒಂದು ಹೆಚ್ಚುಕಡಿಮೆ ಅವರೆಗೇ ಮೀಸಲಾದದ್ದು, ವಿಜ್ಞಾನಿಗಳು ಅಡಿಸುರಾ ಅನ್ನುತ್ತಾರೆ. ಇನ್ನೊಂದು ಹೆಲಿಕೊವರ್ಪ. ಇದಕ್ಕೆ ಜಾತಿಭೇದವಿಲ್ಲ. ತೊಗರಿ, ಕಡಲೆ, ಹತ್ತಿ, ಜೋಳದ ತೆನೆ, ಚೆಂಡು ಹೂ, ಟೊಮೆಟೊ, ಎಲ್ಲವೂ ನಡೆಯುತ್ತದೆ. ಕಲಬುರಗಿ ಕಡೆ ತೊಗರಿ ಗಿಡ ಅಲುಗಾಡಿಸಿ ಹುಳು ಉದುರಿಸಿ ಹಿಡಿಯುತ್ತಾರಲ್ಲ, ಅದೂ ಇದೇ. ಟೊಮೆಟೊಗೆ ಬಂದಾಗ ಇದನ್ನೇ ಕಾಯಿ ಕೊರಕ ಅನ್ನುವುದು.

ಹಾಗಂತ ಅತ್ತೆ ಎಸೆದ ಹುಳುಗಳಿಂದಲೇ ನನ್ನ ಬೆಳೆ ಹಾಳಾಯಿತು ಅನ್ನಲಾರೆ. ಮೊದಲ ತೂತು ಕಂಡದ್ದು ಅವರೆ ಮನೆಗೆ ಬರುವ ಮುಂಚೆ. ಹೆಲಿಕೊವರ್ಪದ ಪತಂಗ ರಾತ್ರಿ ತಾನೇ ಹಾರಿ ಬಂದು ಮೊಟ್ಟೆ ಇಡುತ್ತದೆ. ಎರಡನೇ ಮಹಡಿ ಅದಕ್ಕೆ ಏನೇನೂ ಅಲ್ಲ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡಬಲ್ಲದು. ಮೊರದ ಹುಳುಗಳು ಬಂದ ನೆಂಟರ ಜೊತೆ ಸೇರಿಕೊಂಡ ಇನ್ನೊಂದಿಷ್ಟು ನೆಂಟರು, ಅಷ್ಟೆ.

ನಿಜವಾದ ಸಮಯ ಯಾವುದು

ಹೆಸರು ಗೊತ್ತಾದ ಮೇಲೆ ಅದರ ಬಾಳನ್ನು ದಿನಗಳಲ್ಲಿ ಲೆಕ್ಕ ಹಾಕಿದೆ. ಈ ಲೆಕ್ಕವೇ ಇಡೀ ಪ್ರಕರಣದ ಕೀಲಿ.

ಪತಂಗ ಮೊಟ್ಟೆಗಳನ್ನು ಗುಂಪಾಗಿ ಇಡುವುದಿಲ್ಲ. ಗಿಡದ ಮೇಲ್ಭಾಗದಲ್ಲಿ, ಹೂಗೊಂಚಲ ಹತ್ತಿರದ ಎಲೆಗಳ ಮೇಲೆ ಒಂದೊಂದಾಗಿ ಇಡುತ್ತದೆ. ಗಸಗಸೆ ಕಾಳಿಗಿಂತಲೂ ಸಣ್ಣದು, ಹಳದಿ ಮಿಶ್ರಿತ ಬಿಳಿ. ಮೂರ್ನಾಲ್ಕು ದಿನಕ್ಕೆ ಒಡೆಯುತ್ತದೆ, ಚಳಿ ಇದ್ದರೆ ಸ್ವಲ್ಪ ತಡ. ಹೊರಬಂದ ಮರಿ ದಾರದ ಎಳೆಯಷ್ಟಿರುತ್ತದೆ. ಮೊದಲ ಕೆಲವು ದಿನ ಎಲೆ ಕೆರೆಯುತ್ತಾ, ಮೊಗ್ಗು ಕಚ್ಚುತ್ತಾ ಹೊರಗೇ ಇರುತ್ತದೆ. ಸ್ವಲ್ಪ ಬಲಿತ ಮೇಲೆ ಕಾಯಿಗೆ ಇಳಿಯುತ್ತದೆ. ಆಮೇಲೆ ಒಂದು ಕಾಯಿ ಪೂರ್ತಿ ತಿನ್ನುವ ಮರ್ಯಾದೆ ಅದಕ್ಕಿಲ್ಲ. ಇದನ್ನು ಸ್ವಲ್ಪ, ಅದನ್ನು ಸ್ವಲ್ಪ ಅಂತ ಹಲವು ಕಾಯಿ ಕೆಡಿಸುತ್ತದೆ. ತೂತಿಗೆ ನೀರು ಸೇರಿ ಉಳಿದದ್ದು ಕೊಳೆಯುತ್ತದೆ. ಎರಡು ಮೂರು ವಾರ ತಿಂದು ಒಂದೂವರೆ ಇಂಚು ಬೆಳೆದ ಮೇಲೆ ಮಣ್ಣಿಗೆ ಇಳಿದು ಕೋಶವಾಗುತ್ತದೆ, ಅದರಿಂದಲೇ ಮತ್ತೆ ಪತಂಗ.

ಹಾಗಾದರೆ ಏನೇ ಹೊಡೆದರೂ ತಗಲುವುದು ಮೊಟ್ಟೆ ಒಡೆದಾಗಿನಿಂದ ಕಾಯಿ ಸೇರುವವರೆಗಿನ ಆ ಕೆಲವೇ ದಿನ. ಒಳಗೆ ಸೇರಿದ ಮೇಲೆ ಅಮೃತ ಹೊಡೆದರೂ ಅಷ್ಟೆ, ವಿಷ ಹೊಡೆದರೂ ಅಷ್ಟೆ. ನಾನು ಎರಡು ವಾರ ಹೊಡೆದದ್ದು ತೂತಿನ ಹೊರಬಾಗಿಲಿಗೆ.

ಟಾರ್ಚು, ಚಿಮಟ, ಸೋಪಿನ ನೀರು

ಡಿಸೆಂಬರ್ 8ರಿಂದ ಕ್ರಮ ಬದಲಾಯಿತು. ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ತಾರಸಿಗೆ ಹೋಗುವುದು. 14 ಗಿಡಕ್ಕೆ 20 ನಿಮಿಷ. ಮೊದಲು ಹುಳು ಹುಡುಕಬಾರದು, ಹಿಕ್ಕೆ ಹುಡುಕಬೇಕು. ಹಸಿರು ಕಪ್ಪು ಕಾಳುಗಳ ಹಾಗೆ ಕೆಳಗಿನ ಎಲೆಯ ಮೇಲೆ ಬಿದ್ದಿರುತ್ತದೆ. ಒದ್ದೆಯಾಗಿದ್ದರೆ ಹೊಸದು. ಅಲ್ಲಿಂದ ನೇರ ಮೇಲಕ್ಕೆ ಟಾರ್ಚು ಎತ್ತಿದರೆ ಹತ್ತರಲ್ಲಿ ಏಳು ಸಲ ಹುಳು ಸಿಗುತ್ತಿತ್ತು. ಹಗಲಲ್ಲಿ ಇದೇ ಗಿಡ ನೋಡಿ ಏನೂ ಇಲ್ಲ ಅಂತ ಬರುತ್ತಿದ್ದೆ.

ಹಳೆ ಚಿಮಟದಲ್ಲಿ ಹಿಡಿದು ಸೋಪಿನ ನೀರಿನ ಡಬ್ಬಿಗೆ ಹಾಕುತ್ತಿದ್ದೆ. ಮೊದಲ ರಾತ್ರಿ 19. ಮಗಳು ಎರಡನೇ ದಿನದಿಂದ ಜೊತೆಗೆ ಬಂದಳು, ಅವಳ ಕಣ್ಣು ಚುರುಕು. ಕಲಬುರಗಿಯವರ ಹಾಗೆ ಗಿಡ ಅಲುಗಾಡಿಸಿಯೂ ನೋಡಿದೆವು. ಎಲೆಯ ಮೇಲಿದ್ದ ಒಂದೆರಡು ಉದುರಿದವು. ಕಾಯೊಳಗಿನವು ಜಪ್ಪಯ್ಯ ಅನ್ನಲಿಲ್ಲ.

ತೂತಾದ ಕಾಯಿಯನ್ನು ಗಿಡದಲ್ಲಿ ಬಿಡಬಾರದು. ಇದು ಗೊತ್ತಿತ್ತು, ಕೀಳುತ್ತಿದ್ದೆ. ಆದರೆ ಕಿತ್ತದ್ದನ್ನು ನಮ್ಮ ಕಾಂಪೋಸ್ಟ್ ಡ್ರಮ್ಮಿಗೆ ಹಾಕುತ್ತಿದ್ದೆ. ಒಂದು ದಿನ ಡ್ರಮ್ ಕೆದಕಿದಾಗ ದಪ್ಪ ಹುಳುಗಳು ಅಲ್ಲೇ ಊಟ ಮುಗಿಸುತ್ತಿದ್ದವು. ಮನೆಗೊಬ್ಬರ ಮಾಡುವ ಉತ್ಸಾಹದಲ್ಲಿ ಹುಳು ಸಾಕಣೆ ನಡೆದಿತ್ತು. ಅಲ್ಲಿಂದ ಮುಂದೆ ತೂತಿನ ಕಾಯಿಗಳನ್ನು ಕತ್ತರಿಸಿ ಒಂದು ದಿನ ಪೂರ್ತಿ ಸೋಪಿನ ನೀರಲ್ಲಿ ಮುಳುಗಿಸಿ ಆಮೇಲೆ ಕಸಕ್ಕೆ.

ಇನ್ನು ಬಿ.ಟಿ. ಪುಡಿ. ಬಿ.ಟಿ. ಅಂದರೆ ಬಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ. ಬಿ.ಟಿ. ಹತ್ತಿಯ ಹೆಸರಲ್ಲಿರುವುದೂ ಇದೇ, ಆದರೆ ಇಲ್ಲಿ ಗಿಡದ ಒಳಗಲ್ಲ, ಎಲೆಯ ಮೇಲೆ ಸಿಂಪಡಿಸುವುದು. ಹುಳು ಎಲೆಯ ಜೊತೆ ಇದನ್ನು ತಿನ್ನಬೇಕು. ಹುಳುವಿನ ಹೊಟ್ಟೆ ಕ್ಷಾರ. ಅಲ್ಲಿ ಇದರ ವಿಷದ ಹರಳುಗಳು ಕರಗಿ ಕರುಳು ತೂತಾಗುತ್ತದೆ. ತಿನ್ನುವುದು ಬೇಗ ನಿಲ್ಲುತ್ತದೆ, ಸಾಯಲು ಎರಡು ಮೂರು ದಿನ ಬೇಕು. ನಮ್ಮ ಹೊಟ್ಟೆ ಆಮ್ಲ, ಹಾಗಾಗಿ ನಮಗೆ ಆ ಪೆಟ್ಟು ಬೀಳುವುದಿಲ್ಲ. ಜೇಡ, ಗುಲಗಂಜಿ ಹುಳುಗಳಿಗೂ ತೊಂದರೆಯಿಲ್ಲ. ಹಾಗಂತ ಹೊಡೆದ ಕಾಯಿಯನ್ನು ತೊಳೆಯದೆ ತಿನ್ನಬೇಡಿ, ಸಿಂಪಡಿಸುವಾಗ ಮೂಗಿಗೆ ಬಟ್ಟೆ ಇರಲಿ.

ಬಿಸಿಲಿಗೆ ಇದು ಬೇಗ ಕೆಡುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಆದ್ದರಿಂದ ಸಂಜೆ 6ರ ಮೇಲೆ, ಪೊಟ್ಟಣದ ಮೇಲಿನ ಅಳತೆಗೆ ಕಲಸಿ, ಹೂಗೊಂಚಲು ಮತ್ತು ಮೇಲಿನ ಎಲೆಗಳಿಗೆ, ಎಲೆಯ ಅಡಿಗೂ ಸೇರಿಸಿ ಹೊಡೆದೆ. ವಾರಕ್ಕೊಂದು ಸಲ, ಒಟ್ಟು ನಾಲ್ಕು ಸಲ. ಮರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡಿತು. ದೊಡ್ಡವು ಕ್ಯಾರೇ ಅನ್ನಲಿಲ್ಲ, ಅವಕ್ಕೆ ಚಿಮಟವೇ ಗತಿ.

ಕರಿಬೇವು ಮತ್ತು ನಿಂಬೆಯ ಹತ್ತಿರ ಮಾತ್ರ ಬಿ.ಟಿ. ಹೋಗದ ಹಾಗೆ ಹಳೆ ಬೆಡ್‌ಶೀಟ್ ಅಡ್ಡ ಕಟ್ಟಿದೆ. ಅಲ್ಲಿ ಹಕ್ಕಿ ಹಿಕ್ಕೆಯ ಥರ ಕಾಣುವ ಚಿಟ್ಟೆಮರಿಗಳು ಇರುತ್ತವೆ. ನಾಲ್ಕು ಕರಿಬೇವಿನ ಎಲೆ ಹೋದರೆ ಹೋಗಲಿ, ಆ ಚಿಟ್ಟೆ ನಮಗೆ ಬೇಕು. ಬಿ.ಟಿ.ಗೆ ಕೆಟ್ಟ ಹುಳು, ಒಳ್ಳೆ ಹುಳು ಅಂತ ಗೊತ್ತಾಗುವುದಿಲ್ಲ.

ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಕನಕಪುರ ಕಡೆಯ ನಮ್ಮ ದೊಡ್ಡಪ್ಪ. ಅವರದು ರೇಷ್ಮೆ. ಫೋನಿನಲ್ಲಿ ವಿಷಯ ಹೇಳಿದ ತಕ್ಷಣ ಅವರ ದನಿ ಬದಲಾಯಿತು. "ಆ ಪುಡಿ ಮುಟ್ಟಿದ ಬಟ್ಟೇಲಿ ಹುಳದ ಮನೆ ಕಡೆ ಬರಬೇಡ ಮಗಳೇ." ಸರಿಯಾದ ಮಾತು. ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದೇ ಜಪಾನಿನಲ್ಲಿ, 1901ರಲ್ಲಿ, ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. ಹಿಪ್ಪುನೇರಳೆ ತೋಟದ ಪಕ್ಕ ಟೊಮೆಟೊ ಬೆಳೆಯುವವರು ಇದನ್ನು ಹೊಡೆಯದಿರುವುದೇ ಒಳ್ಳೆಯದು. ಅಂಥವರಿಗೆ ಟಾರ್ಚು ಮತ್ತು ಸೊಳ್ಳೆಪರದೆ ಇದೆ, ಪರದೆಯ ವಿಷಯ ಮುಂದೆ ಹೇಳುತ್ತೇನೆ.

ನಡುವೆ ಬಂದ ಇನ್ನೊಬ್ಬರು

ಕ್ರಿಸ್‌ಮಸ್ ವಾರ ಒಂದು ನಾಟಿ ಗಿಡದ ಎರಡು ಎಲೆ ಜರಡಿಯ ಹಾಗೆ ಕಂಡವು. ನರ ಮಾತ್ರ ಉಳಿದಿತ್ತು. ತಿರುಗಿಸಿದರೆ ನೂರಾರು ಪುಟಾಣಿ ಮರಿಗಳು ಗುಂಪಾಗಿ ಕೂತಿವೆ, ಪಕ್ಕದಲ್ಲಿ ಕಂದು ಹತ್ತಿ ಅಂಟಿಸಿದಂಥ ಮೊಟ್ಟೆಯ ಸಿಪ್ಪೆ. ಇದು ಕಾಯಿ ಕೊರಕ ಅಲ್ಲ, ತಂಬಾಕಿನ ಎಲೆ ತಿನ್ನುವ ಸ್ಪೊಡಾಪ್ಟೆರಾ. ಇದರ ಪತಂಗ ಗುಂಪಾಗಿ ಮೊಟ್ಟೆಯಿಟ್ಟು ತನ್ನದೇ ಕೂದಲಿನಿಂದ ಮುಚ್ಚುತ್ತದೆ. ಮರಿಗಳು ಚದುರುವ ಮೊದಲು ಕಂಡರೆ ಇದರಷ್ಟು ಸುಲಭದ ಶತ್ರು ಇಲ್ಲ. ಎರಡು ಎಲೆ ಕತ್ತರಿಸಿ ಸೋಪಿನ ನೀರಿಗೆ ಹಾಕಿದೆ, ಕಥೆ ಮುಗಿಯಿತು. ಎರಡು ದಿನ ತಡವಾಗಿದ್ದರೆ 14 ಗಿಡಕ್ಕೂ ಹಂಚಿಹೋಗುತ್ತಿದ್ದವು. ಆಮೇಲೆ ಅವು ಹಗಲು ಬ್ಯಾಗಿನ ಅಡಿಯಲ್ಲಿ ಅಡಗಿ ರಾತ್ರಿ ಮೇಯುತ್ತವೆ.

ನಾನು ಹೆದರಿದ್ದು ಇನ್ನೊಂದಕ್ಕೆ. ಕೋಲಾರದ ಟೊಮೆಟೊ ಬೆಳೆಗಾರರು ಊಜಿ ಅಂತ ಕರೆಯುವ ಹುಳುವಿಗೆ. ದೊಡ್ಡಪ್ಪನಿಗೆ ಊಜಿ ಅಂದರೆ ರೇಷ್ಮೆ ಹುಳುವನ್ನು ಕೊಲ್ಲುವ ನೊಣ. ಕೋಲಾರದವರ ಊಜಿ ಬೇರೆ, ಅದು ಟ್ಯೂಟ ಅನ್ನುವ ಸಣ್ಣ ಪತಂಗದ ಮರಿ. ದಕ್ಷಿಣ ಅಮೆರಿಕದ್ದು, ಭಾರತದಲ್ಲಿ ಕಾಣಿಸಿಕೊಂಡದ್ದು 2014ರಲ್ಲಿ. ಎಲೆಯ ಎರಡು ಪದರದ ನಡುವೆ ಸೇರಿ ಅಗಲವಾದ ಒಣ ಮಚ್ಚೆ ಮಾಡುತ್ತದೆ, ಕಾಯಿಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು. ನಮ್ಮ ಎಲೆಗಳಲ್ಲಿ ಕಂಡದ್ದು ಹಾವು ಹರಿದಂಥ ತೆಳು ಬಿಳಿ ಗೆರೆ ಮಾತ್ರ. ಅದು ರಂಗೋಲಿ ಹುಳು, ನೊಣದ ಮರಿ. ಕಾಯಿಗೆ ಕೈ ಹಾಕುವುದಿಲ್ಲ. ಅಂಥ ನಾಲ್ಕೆಲೆ ಕಿತ್ತು ಹಾಕಿ ಸುಮ್ಮನಾದೆ.

ಸೊಳ್ಳೆಪರದೆ ಮತ್ತು ಚೆಂಡು ಹೂ

ಎರಡು ಬ್ಯಾಗಿಗೆ ಹಳೆ ಸೊಳ್ಳೆಪರದೆ ಹೊದಿಸಿದ್ದೆ, ನಾಲ್ಕು ಕೋಲು ನೆಟ್ಟು. ಟೊಮೆಟೊ ಹೂವಿಗೆ ಪರಾಗಸ್ಪರ್ಶಕ್ಕೆ ದುಂಬಿ ಬರಲೇಬೇಕು ಅಂತಿಲ್ಲ. ಬೆಳಿಗ್ಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕಾಯಿ ಕಚ್ಚುತ್ತದೆ. ಹೊದಿಸುವ ಮೊದಲು ಗಿಡದಲ್ಲಿದ್ದ ಹುಳು, ಮೊಟ್ಟೆ ಎಲ್ಲ ತೆಗೆದಿದ್ದೆ. ಆ ಎರಡು ಗಿಡದಲ್ಲಿ ಆಮೇಲೆ ಒಂದೇ ಒಂದು ತೂತು ಇಲ್ಲ. ಆದರೆ ಗಾಳಿ ಕಡಿಮೆಯಾಗಿ ಕೆಳಗಿನ ಎಲೆಗಳಲ್ಲಿ ಚುಕ್ಕೆ ಬಂತು. ಅವನ್ನು ಸವರಬೇಕಾಯಿತು. ನಾಲ್ಕೈದು ಗಿಡ ಇರುವವರಿಗೆ ನಾನು ಮೊದಲು ಹೇಳುವುದು ಪರದೆಯನ್ನೇ.

ಚೆಂಡು ಹೂವಿನ ವಿಷಯದಲ್ಲಿ ನನಗೆ ಅರ್ಧ ಅಂಕ. ಇದು ಹೆಸರಘಟ್ಟದ ಸಂಸ್ಥೆಯವರೇ ರೂಪಿಸಿದ ಉಪಾಯ. ಹೊಲದಲ್ಲಿ 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡು ಹೂ. 25 ದಿನದ ಟೊಮೆಟೊ ಸಸಿಯ ಜೊತೆ 40 ದಿನದ ಚೆಂಡು ಹೂ ಸಸಿ ನೆಡಬೇಕು, ಎರಡೂ ಒಟ್ಟಿಗೆ ಹೂ ಬಿಡಲಿ ಅಂತ. ಪತಂಗ ಚೆಂಡು ಹೂವಿನ ಮೊಗ್ಗನ್ನು ಜಾಸ್ತಿ ಇಷ್ಟಪಡುತ್ತದೆ. ನಾನು ಡಿಸೆಂಬರ್ ಕೊನೆಯಲ್ಲಿ ನರ್ಸರಿಯಿಂದ ಹೂ ಬಿಟ್ಟ ಮೂರು ಕುಂಡ ತಂದಿಟ್ಟೆ. ಮೊಗ್ಗಿನಲ್ಲಿ ಹುಳು ನಿಜವಾಗಿಯೂ ಬಂದವು. ಸಂಕ್ರಾಂತಿಗೆ ಊರಿಗೆ ಹೋಗಿ ನಾಲ್ಕು ದಿನ ನೋಡದೆ ಬಿಟ್ಟೆವು. ವಾಪಸ್ ಬಂದಾಗ ಆ ಕುಂಡಗಳೇ ಹುಳುವಿನ ಅಂಗನವಾಡಿ ಆಗಿದ್ದವು. ದಿನಾ ಮೊಗ್ಗು ಬಿಡಿಸಿ ನೋಡುವ ತಾಳ್ಮೆ ಇದ್ದರೆ ಮಾತ್ರ ಚೆಂಡು ಹೂ ಇಡಿ. ಇಲ್ಲದಿದ್ದರೆ ದೇವರಿಗೆ ಅಂಗಡಿಯಿಂದ ತನ್ನಿ.

ಬೇವನ್ನು ಪೂರ್ತಿ ಬಿಡಲಿಲ್ಲ. ಈ ಸಲ 5 ಎಂ.ಎಲ್., ಸೋಪಿನ ನೀರು ಬೆರೆಸಿ, ಸಂಜೆ ಹೊತ್ತು, ಬಿ.ಟಿ. ಹೊಡೆಯದ ದಿನ. ಇದು ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಎಲೆಯ ರುಚಿ ಕೆಡಿಸುತ್ತದೆ, ಮರಿ ಪೊರೆ ಕಳಚುವುದನ್ನು ಕೆಡಿಸುತ್ತದೆ. ನಮ್ಮಲ್ಲಿ ಎಷ್ಟು ಉಪಯೋಗವಾಯಿತು ಅಂತ ಬಿಡಿಸಿ ಹೇಳುವುದು ಕಷ್ಟ, ಎಲ್ಲವೂ ಒಟ್ಟಿಗೆ ನಡೆಯುತ್ತಿತ್ತು.

ತೂತಾದ ಕಾಯಿಗಳ ಲೆಕ್ಕ ಕ್ಯಾಲೆಂಡರಿನಲ್ಲೇ ಬರೆಯುತ್ತಿದ್ದೆ. ಡಿಸೆಂಬರ್ ಮೊದಲ ವಾರ 31. ಎರಡನೇ ವಾರ 22. ಮೂರನೆಯದು 9. ಕ್ರಿಸ್‌ಮಸ್ ವಾರ 4. ಸಂಕ್ರಾಂತಿಯ ನಾಲ್ಕು ದಿನದ ರಜೆಯ ನಂತರ ಮತ್ತೆ 11. ಜನವರಿ ಕೊನೆಗೆ 3. ಸೊನ್ನೆ ಅಂತ ಬರೆದ ವಾರ ಒಂದೂ ಇಲ್ಲ. ಮೂರು ಕಾಯಿ ಹೋದರೆ ಹೋಗಲಿ ಅಂತ ಅತ್ತೆ, ಅದೂ ಹೋಗಬಾರದು ಅಂತ ನಾನು. ಈ ವಾದ ಇನ್ನೂ ಮುಗಿದಿಲ್ಲ.

ಫೆಬ್ರವರಿ ಕೊನೆಗೆ ಗಿಡಗಳು ಸೋತವು. ಕಿತ್ತು ಹಾಕಿ ಅದೇ ಮಣ್ಣಿಗೆ ಬದನೆ ಸಸಿ ಇಡುವ ಆತುರದಲ್ಲಿದ್ದೆ. ದೊಡ್ಡಪ್ಪ ಬೇಡ ಅಂದರು, ಮಣ್ಣು ಮೊದಲು ಒಣಗಿಸು ಅಂದರು. ಬದನೆಯೂ ಟೊಮೆಟೊದ ವಂಶವೇ, ಅದೂ ಒಂದು ಕಾರಣ. ಹಳೆ ಸೀರೆಯ ಮೇಲೆ ಒಂದೊಂದೇ ಬ್ಯಾಗು ಸುರಿದು ಜರಡಿ ಹಿಡಿದೆವು. ಹುಣಸೆ ಬೀಜದ ಬಣ್ಣದ, ಮುಟ್ಟಿದರೆ ತುದಿ ಅಲ್ಲಾಡಿಸುವ ಕೋಶಗಳು ಸಿಕ್ಕವು. 14 ಬ್ಯಾಗಿಗೆ 17. ಅದರಲ್ಲಿ 6 ಕೋಶ ಅತ್ತೆ ಅವರೆ ಸುಲಿಯಲು ಕೂರುತ್ತಿದ್ದ ಮೂಲೆಯ ಒಂದೇ ಬ್ಯಾಗಿನಲ್ಲಿ.

ಅತ್ತೆ ಅವನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. "ಇವು ಅವರೆದೋ ಟೊಮೆಟೊದ್ದೋ?"

"ಈಗ ಹೇಗೆ ಹೇಳೋದು ಅತ್ತೆ?"

ಅವರು ಏನೂ ಹೇಳಲಿಲ್ಲ. ಕೋಶಗಳನ್ನು ತಾರಸಿಯ ಗೋಡೆಯ ಮೇಲೆ ಸಾಲಾಗಿ ಇಟ್ಟರು. ನಾವು ಕೆಳಗಿಳಿದು ಕಾಫಿ ಕುಡಿದು ಬರುವಷ್ಟರಲ್ಲಿ ಗೊರವಂಕಗಳು ಬಂದು ಹೋಗಿದ್ದವು.